ಅಕ್ಕ ಕಾಯ್ದ ತವರಿನ ಮಾನ

ಒಂದು ಊರು. ಆ ಊರಿಗೊಬ್ಬ ಸಾಹುಕಾರ. ಕೆಟ್ಟವನಲ್ಲ, ನೋಡಿ. ಊರಿಗೊಂದು ಪುಟ್ಟ ರೇಡಿಯೊ ಕೇಂದ್ರ ಬೇಕೆಂದಾಗ ತನ್ನ ಅಂಗಡಿಯ ಮಾಳಿಗೆಯನ್ನೇ ಬಿಟ್ಟುಕೊಟ್ಟವನು. ಓಣಿಯ ಆ ತುದಿಯಲ್ಲಿ ಗಂಡ ಸತ್ತ ಅವನ ಅಕ್ಕ ಒಬ್ಬಳೇ ಇದ್ದಳು. ನಾಗರ ಪಂಚಮಿ ಬಂದರೆ ಆಳಿನ ಕೈಯಲ್ಲಿ ಅವಳಿಗೆ ಒಂದು ಡಬ್ಬಿ ಉಂಡಿ ಕಳಿಸುತ್ತಿದ್ದ. ಮುಂದಿನ ಪಂಚಮಿಯವರೆಗೆ ಅವನಿಗೆ ಅಕ್ಕನ ಚಿಂತೆ ಇರುತ್ತಿರಲಿಲ್ಲ.

ಒಂದು ಮಧ್ಯಾಹ್ನ ಊಟಕ್ಕೆ ಕುಳಿತಿದ್ದ. ರೇಡಿಯೊದಲ್ಲಿ ವಿಧವಾ ವೇತನದ ಮಾತು ನಡೆದಿತ್ತು. ಅಲ್ಲಿನ ಹುಡುಗಿ ವಾರವಾರವೂ ಒಬ್ಬರನ್ನು ಕೂರಿಸಿಕೊಂಡು, ಈ ಪದ್ಧತಿಯಲ್ಲಿ ಏನು ಬದಲಾಗಬೇಕು ಎಂದು ಕೇಳುತ್ತಿದ್ದಳು. ತಾಲ್ಲೂಕು ಕಚೇರಿಯವರೂ ಆ ಕಾರ್ಯಕ್ರಮ ಆಲಿಸುತ್ತಿದ್ದರಂತೆ, ಬೇರೆ ಕೆಲಸವಿಲ್ಲದಾಗ.

ಅಂದು ಒಬ್ಬ ಹೆಂಗಸು ಹೆಸರು ಹೇಳದೆ ಮಾತಾಡಿದಳು.

"ವಿಚಾರಣೆಗೆ ಬಂದವ್ರು, ನಿನ್ನ ಯಾರು ನೋಡ್ಕೊಂತಾರಬೇ ಅಂತ ಕೇಳಿದ್ರು. ಓಣಿ ಮಂದಿ ಎಲ್ಲಾ ನಿಂತಿದ್ರು. ತವರಮನಿ ಮಾನ ಹೋಗಬಾರದಲ್ರೀ? ನನ್ನ ತಮ್ಮ ನೋಡ್ಕೊಂತಾನ ಅಂದೆ. ಪಗಾರ ನಿಂತು ಹೋತು."

"ಮತ್ತ ತಮ್ಮ ಹೆಂಗ ಅದಾರಬೇ?"

"ಅವ ಆರಾಮ ಅದಾನ್ರಿ."

"ಏನು ಬದಲಾಗಬೇಕು?"

"ಮಂದಿ ಮುಂದ ಹಂಗ ಕೇಳಬಾರದ್ರಿ. ಒಳಗ ಬಂದು, ಒಲಿ ಮ್ಯಾಲ ಏನೈತಿ ಅಂತ ನೋಡ್ಬೇಕು. ಈಗ ತಮ್ಮನ ಬಾಯಿಲೇ 'ನಾ ನೋಡ್ಕೊಂಡಿಲ್ಲ' ಅನ್ನಿಸ್ಕೊಂಡು ಬಾ ಅಂತಾರ. ಹೆಂಗ ಕೇಳಲಿ?"

ಸಾಹುಕಾರನಿಗೆ ಸಿಟ್ಟು ನೆತ್ತಿಗೇರಿತು. ಎಂಜಲು ಕೈಯಲ್ಲೇ ರೇಡಿಯೊಗೆ ಫೋನು ಹಚ್ಚಿದ.

"ಉಣ್ಣೂದು ಬಿಟ್ಟು ಎದ್ದೀನಿ. ಯಾವನಬೇ ಆ ತಮ್ಮ? ಮನಷ್ಯಾನ ಏನು ಅಂವಾ? ಹೆಸರು ಹೇಳು, ಊರ ಮುಂದ ಅವನ ಮಾರಿ ಇಳಸ್ತೀನಿ!"

ಅಕ್ಕನ ದನಿ ಅವನಿಗೆ ಗುರುತು ಸಿಗಲಿಲ್ಲವೇ ಎನ್ನುತ್ತೀರಿ. ವರ್ಷಗಳಿಂದ ಮಾತಾಡಿಸದ ದನಿ ಹೇಗೆ ಗುರುತು ಸಿಗಬೇಕು, ಹೇಳಿ?

ಅವಳಿಗೆ ಸಿಕ್ಕಿತು. "ಬ್ಯಾಡೋ ಸಣ್ಣ್ಯಾ," ಎಂದಳು. "ಹೋಗಿ ಉಣ್ಣು. ಅನ್ನ ಆರತೈತಿ."

ಹಾಗೆ ಅವನನ್ನು ಕರೆಯುವವಳು ಈ ಭೂಮಿಯ ಮೇಲೆ ಒಬ್ಬಳೇ ಉಳಿದಿದ್ದಳು. ಊರಿಗೆ ಆ ಹೆಸರು ಗೊತ್ತಿಲ್ಲ. ಫೋನು ಇಟ್ಟಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಅವನು ಇಡಲಿಲ್ಲ. ಎಂಜಲು ಕೈ ಒಣಗಿತು. ಒಳಗಿನಿಂದ ಹೆಂಡತಿ, "ಮಜ್ಜಿಗಿ ಹಾಕ್ಲೇನ್ರಿ?" ಎಂದಳು. ಅದೂ ರೇಡಿಯೊದಲ್ಲಿ ಕೇಳಿಸಿತು.

"ಆ ತಮ್ಮ ನಾನ," ಎಂದ ಸಾಹುಕಾರ. "ನಮ್ಮಕ್ಕನ್ನ ನಾ ನೋಡ್ಕೊಂಡಿಲ್ಲ. ಕಚೇರಿಯವ್ರು ಕೇಳಾಕತ್ತಿದ್ರ ಕೇಳಿಸ್ಕೊಳ್ರಿ. ಆಕಿ ಪಗಾರ ಚಾಲೂ ಮಾಡ್ರಿ."

ವೇತನ ಮತ್ತೆ ಶುರುವಾಯಿತು. ಮುಂದಿನ ವಾರ ರೇಡಿಯೊದ ಮೆಟ್ಟಿಲ ಮೇಲೆ ಹೆಂಗಸರು ಸಾಲಾಗಿ ಕುಳಿತಿದ್ದರು. ಎಲ್ಲರಿಗೂ ತಮ್ಮಂದಿರಿದ್ದರು. ಅವರು ಮಾತಾಡಿ ಮಾತಾಡಿ, ಕಡೆಗೆ ಆ ಕಚೇರಿಯವರು ವಿಚಾರಣೆಗೆ ಬಂದಾಗ ಚಪ್ಪಲಿ ಬಿಟ್ಟು ಒಳಗೆ ಬಂದು, ಆ ಮನೆಯ ಹೆಂಗಸೊಬ್ಬಳನ್ನೇ ಕೇಳುವುದಕ್ಕೆ ಒಪ್ಪಿದರು. ಆದದ್ದು ಅಷ್ಟೇ. ಉಳಿದ ಊರುಗಳಲ್ಲಿ ಇನ್ನೂ ಅಂಗಳದಲ್ಲೇ ಕೇಳುತ್ತಾರೆ.

ನಗುತ್ತಿದ್ದೀರಿ. ನಗಿ, ಬೇಡವೆನ್ನುವುದಿಲ್ಲ. ಆದರೆ ಅವನಿಗೆ ಸಿಟ್ಟಾದರೂ ಬಂತು. ನಮಗೆ? ವೇತನದ ಮಾತು ಬಂದರೆ ರೇಡಿಯೊವನ್ನು ಹಾಡಿಗೆ ತಿರುಗಿಸುತ್ತೇವೆ.

ನಾಳೆಯಿಂದ ಹಾಡು ಸ್ವಲ್ಪ ಕಾಯಲಿ. ಅಕ್ಕನ ಮನೆಗೆ ಆಳನ್ನು ಕಳಿಸಬೇಡಿ, ನೀವೇ ಹೋಗಿ. ಅಡುಗೆಮನೆಯವರೆಗೆ ಹೋಗಿ. ಬೈಸಿಕೊಂಡರೂ ಸರಿ, ಹಿಟ್ಟಿನ ಡಬ್ಬಿಯ ಮುಚ್ಚಳ ತೆಗೆದು ನೋಡಿ. ಪಕ್ಕದ ಮನೆಗೆ ವಿಚಾರಣೆಯವರು ಬಂದರೆ ನೋಡಲು ನಿಲ್ಲಬೇಡಿ. ನಿಜ ಹೇಳುವುದಕ್ಕೆ ಆ ಮನೆಯವಳಿಗೆ ಜಾಗ ಬಿಡಿ. ಮತ್ತೆ, ಗಂಡಸರೇ, ರೇಡಿಯೊಗೆ ಫೋನು ಮಾಡಿ. ಬೈಯುವುದಕ್ಕಲ್ಲ. ನಾನು ನೋಡಿಕೊಂಡಿಲ್ಲ, ಅವಳ ಹಕ್ಕು ಅವಳಿಗೆ ಕೊಡಿ ಎಂದು ಹೇಳುವುದಕ್ಕೆ. ಮಾನ ಹೋಗುತ್ತದೆಯೇ? ಹೋಗಲಿ. ಇಷ್ಟು ದಿನ ಉಪವಾಸವಿದ್ದು ಅದನ್ನು ಕಾಯ್ದವಳು ಅವಳು.