ನೀರು ಕುಡಿಯೋಕೆ ಅಡ್ಡಿಯಿಲ್ಲ

ಆಸ್ಪತ್ರೆಯ ಬೆಂಚಿನಲ್ಲಿ ನನ್ನ ಪಕ್ಕ ಇಬ್ಬರು ಹೆಂಗಸರು ಕೂತಿದ್ದರು. ಒಬ್ಬಳು ಬಟ್ಟೆ ಕಾರ್ಖಾನೆಯಲ್ಲಿ ಕಾಲರ್ ಹೊಲಿಯುವವಳು; ಸೊಂಟ ಒತ್ತಿ ಹಿಡಿದಿದ್ದಳು. ಜೊತೆಗೆ ಬಂದಿದ್ದ ಅವಳ ಸೂಪರ್‌ವೈಸರ್ ದೊಡ್ಡ ಬಾಟಲಿ ಎತ್ತಿ ನೀರು ಕುಡಿಯುತ್ತಿದ್ದಳು.

"ಮತ್ತೆ ಕಿಡ್ನಿ ಕಲ್ಲಾ? ಹೋದ ವರ್ಷ ತಾನೇ ತೆಗೆಸ್ಕೊಂಡೆ!"

"ನೀರು ಸಾಲ್ತಿಲ್ವಂತೆ ಮೇಡಂ. ಉಚ್ಚೆ ತಿಳಿಯಾಗಿ ಹೋಗೋವಷ್ಟು ಕುಡೀಬೇಕಂತೆ. ಉಪ್ಪೂ ಕಮ್ಮಿ ಮಾಡ್ಬೇಕಂತೆ."

"ಉಪ್ಪು ತಿಂದೋರು ನೀರು ಕುಡೀಲೇಬೇಕು. ಕುಡಿ, ಯಾರು ಬೇಡ ಅಂದೋರು?"

"ಕುಡಿದ್ರೆ ಎದ್ದು ಹೋಗ್ಬೇಕಲ್ಲ. ಟಾಯ್ಲೆಟ್ಟಿಗೆ ಹೋಗೋಕೆ ಇಡೀ ಮಿಷಿನ್ ಸಾಲಿಗೆ ಒಂದೇ ಟೋಕನ್ ಇಟ್ಟಿದ್ದೀರಿ. ನನ್ನ ಕೈಗೆ ಅದು ಬರೋದು ಊಟ ಆದ್ಮೇಲೆ."

"ಉಳಿದೋರು ತಡ್ಕೊಳ್ಳಲ್ವಾ?"

"ಅವರೂ ನೀರು ಕುಡಿಯಲ್ಲ ಮೇಡಂ."

"ನೋಡು, ಅವರಿಗೆ ಬುದ್ಧಿ ಇದೆ. ನಿಂಗೆ ಅಷ್ಟೊಂದು ಬಾಯಾರಿಕೆ ಆದ್ರೆ ಮನೆಗೆ ಹೋಗಿ ಕೊಡಗಟ್ಲೆ ಕುಡಿ."

ಸೂಪರ್‌ವೈಸರ್ ಖಾಲಿ ಬಾಟಲಿಯನ್ನು ಅವಳ ತೊಡೆಯ ಮೇಲಿಟ್ಟು ಎದ್ದಳು.

"ಇದನ್ನ ಹಿಡ್ಕೊಂಡಿರು. ಟಾಯ್ಲೆಟ್ಟಿಗೆ ಹೋಗಿ ಬರ್ತೀನಿ."

"ನಾನೂ ಬರ್ಲಾ ಮೇಡಂ?" ಅವಳು ಆಗಲೇ ಅರ್ಧ ಎದ್ದಿದ್ದಳು.

"ಕೂತ್ಕೋ. ನಾನು ಬಂದ್ಮೇಲೆ ಹೋಗುವಿಯಂತೆ."

ಇದು ಕಾರ್ಖಾನೆಯಲ್ಲ. ಆದರೂ ಅವಳು ಕೂತಳು.