ಹಾಲು ಇಡುವ ನೆವ

ಸ್ವಾರಗೇಟಿನ ಬಸ್ ಸ್ಟಾಪಿನಲ್ಲಿ ಮರಾಠಿ ಮಾತುಗಳ ನಡುವೆ ಕನ್ನಡ ಕಿವಿಗೆ ಬಿದ್ದದ್ದೇ ಶ್ರದ್ಧಾ ಮೊಬೈಲ್ ಕೆಳಗಿಳಿಸಿದಳು. ಪಕ್ಕದಲ್ಲಿ ವಯಸ್ಸಾದ ಗಂಡ ಹೆಂಡತಿ; ಆತನ ಕೈಯಲ್ಲಿ ಫ್ರಿಜ್ಜಿನ ಹೊಸ ಕೆಪಾಸಿಟರ್.

“ಹಳೇದಕ್ಕ ಮೀಟರ್ ಹಚ್ಚಿ ನೋಡೀನಿ, ಪೂರಾ ಹೋಗೇದ. ಇದನ್ನ ಹಾಕಿದ್ರ ಸಂಜಿಗೆ ಫ್ರಿಜ್ ಚಾಲೂ.”

“ರೀ, ಬಾಜೂಮನಿ ಗಂಗಕ್ಕಗ ರಿಪೇರಿ ಸುದ್ದಿ ಹೇಳಬ್ಯಾಡ್ರಿ.”

“ಯಾಕ?”

“ಗಂಡ ಹೋದಾಗಿಂದ ಆಕಿ ಯಾರ ಜೋಡಿನೂ ಮಾತಾಡ್ತಿದ್ದಿಲ್ಲ. ಈಗ ನಾನು ಆಕಿ ಫ್ರಿಜ್ಜಿನ್ಯಾಗ ಹಾಲು ಇಡಾಕ ಹೋದ್ರ, ಚಾ ಮಾಡಿ ಕುಂಡರಿಸ್ಕೋತಾಳ.”

“ಆಕಿಗೆ ಗೊತ್ತದ.”

“ಹೇಳಿಬಿಟ್ರೇನು?”

“ಮೀಟರ್ ಆಕಿ ಗಂಡಂದು. ತಾನೇ ಹುಡುಕಿ ಕೊಟ್ಲು. ‘ರಿಪೇರಿ ಆದ್ರೂ ಹಾಲು ಇಲ್ಲೇ ಇರ್ಲಿ’ ಅಂದ್ಲು.”

ಬಸ್ ಬಂತು.

“ಹಂಗಾರ ದಾರ್ಯಾಗ ಇನ್ನೊಂದು ಹಾಲಿನ ಪಾಕೀಟು ತಗೊಳ್ಳೂಣು,” ಎನ್ನುತ್ತ ಆಕೆ ಹತ್ತಿದಳು.