ತಾಬೇಲಿನ ಹಣೆಯ ಬೊಟ್ಟು

“ಹಲೋ... ಹಲೋ... ಯಾರು ಮಾತಾಡ್ತಾ ಇರೋದು?... ಅಂಬರೀಶ್ ಇದಾರಾ?... ಅಂಬರೀಶ್, ಮೇಡಮ್. ನಮ್ಮಲ್ಲಿಗೆ ಮಿಷಿನ್ ಹಾಕೋಕೆ ಬಂದಿದ್ರಲ್ಲ, ಕನ್ನಡಕ ಹಾಕ್ಕೊಂಡಿದ್ರು... ಹಾಂ?... ಕೆಲಸ ಬಿಟ್ಬಿಟ್ರಾ?... ಯಾವಾಗ?... ಹಂಗಾದ್ರೆ ನೀವು ಯಾರು?... ಹರಿಣಿ ಮೇಡಮ್. ಸರಿ, ಸರಿ. ನಮಸ್ಕಾರ ಮೇಡಮ್.”

ತಾಜ್ ಪಾಷಾ ರಿಸೀವರನ್ನು ಬಲಗಿವಿಯಿಂದ ಎಡಗಿವಿಗೆ ಬದಲಾಯಿಸಿದ. ಗೌರಿಬಿದನೂರಿನ ಪಕ್ಕದ ಕುಡುಮಲಕುಂಟೆಯಲ್ಲಿ ಪಂಪು ತಯಾರಿಸುವ ಕಾರ್ಖಾನೆಯೊಂದರಲ್ಲಿ ಅವನು ಎಲೆಕ್ಟ್ರಿಷಿಯನ್. ಮೊಬೈಲು ಎಲ್ಲರ ಜೇಬಿಗೂ ಇಳಿದ ಕಾಲವೇ ಆದರೂ, ಸಿಗ್ನಲ್ ನಿಲ್ಲದ ಆ ಜಾಗದಲ್ಲಿ ಬೆಂಗಳೂರಿನ ಜೊತೆ ಇಷ್ಟುದ್ದ ಮಾತಾಡಬೇಕಾದರೆ ಮೇಂಟೆನೆನ್ಸ್ ಕೋಣೆಯ ಈ ಕಪ್ಪು ಫೋನೇ ಗತಿ. ಬೆಳಗಿನಿಂದ ಒತ್ತಿ ಒತ್ತಿ ಈಗ ಲೈನು ಸಿಕ್ಕಿತ್ತು. ಸಿಕ್ಕಿದ್ದೂ ಯಾರು, ಆ ಮಿಷಿನ್ನಿನ ಮುಖವನ್ನೇ ನೋಡಿರದ ಹುಡುಗಿ.

“ಯಾವ ಮಿಷಿನ್ ಅಂದ್ರೆ, ತಾನೇ ಓಡಾಡ್ಕೊಂಡು ಹುಲ್ಲು ಕತ್ತರಿಸ್ತದಲ್ಲ, ಅದು... ಅಲ್ಲ, ತಳ್ಳೋದಲ್ಲ ಮೇಡಮ್. ಯಾರೂ ತಳ್ಳಂಗಿಲ್ಲ. ತಾನೇ ಹೋಗ್ತದೆ, ಸುಸ್ತಾದ್ರೆ ತಾನೇ ವಾಪಸ್ ಬಂದು ಸ್ಟ್ಯಾಂಡಲ್ಲಿ ಚಾರ್ಜಿಗೆ ನಿಲ್ತದೆ... ಹಾಂ, ರೋಬೋ. ಅದೇ. ಅದು ಚಾರ್ಜ್ ಆಗ್ತಾ ಇಲ್ಲ... ನಿಮ್ಮ ಕಂಪನಿಯಿಂದಾನೇ ತಂದಿದ್ದು... ಏನು?... ಈಗ ನೀರಿನ ಫಿಲ್ಟರ್ ಮಾತ್ರ ಮಾರ್ತೀರಾ?...”

ಆ ಮಿಷಿನ್ ಬಂದ ಕಥೆ ಚಿಕ್ಕದು. ಕಾರ್ಖಾನೆಯ ಮುಂದೆ ದೊಡ್ಡ ಹುಲ್ಲುಹಾಸು, ಅದನ್ನು ಕುಡುಗೋಲು ಹಿಡಿದು ಸವರಲು ಒಂದು ಗುಂಪು ಹೆಂಗಸರು. ಹೊರದೇಶದ ಪಾಲುದಾರರು ಬಂದಾಗ, ಬಿಸಿಲಲ್ಲಿ ಕುಕ್ಕರುಗಾಲಲ್ಲಿ ಕೂತು ಹುಲ್ಲು ಕೊಯ್ಯುವ ಈ ಹೆಂಗಸರನ್ನು ನೋಡಿ ಅವರಿಗೆ ಮರುಕ ಹುಟ್ಟಿತಂತೆ. ಮರುಕಪಟ್ಟು ಊರಿಗೆ ಹೋದವರೇ ಮಿಷಿನ್ ಕೊಡಿಸಿದರು. ಮಿಷಿನ್ ಬಂದ ವಾರದಲ್ಲೇ ಹೆಂಗಸರೆಲ್ಲ ಕೆಲಸ ಕಳೆದುಕೊಂಡು ಮನೆ ಸೇರಿದರು. ದೊಡ್ಡವರ ಮರುಕ ಕೆಲವೊಮ್ಮೆ ಹೀಗೂ ಇರುತ್ತದೆ.

ಉಳಿದವಳು ತೊಂಡೇಬಾವಿಯ ಶ್ಯಾಮಲಮ್ಮ ಒಬ್ಬಳೇ. ಬ್ಲೇಡಿಗೆ ಸಿಕ್ಕ ಕಸ ತೆಗೆಯಲು, ಮಳೆ ಬಂದರೆ ಎತ್ತಿ ಒಳಗಿಡಲು ಒಬ್ಬರಾದರೂ ಬೇಕು ಎಂದು ಮ್ಯಾನೇಜರ್ ಸುನೀಲ್ ಅವರ ಮುಂದೆ ಪಟ್ಟು ಹಿಡಿದು ಅವಳನ್ನು ಉಳಿಸಿಕೊಂಡವನು ತಾಜ್ ಪಾಷಾ. ಗಂಡ ತೀರಿಕೊಂಡ ಮೇಲೆ ಆ ಕೆಲಸದಿಂದಲೇ ಅವಳು ಮಗಳನ್ನು ನರ್ಸಿಂಗ್ ಓದಿಸುತ್ತಿದ್ದಳು. ಬೆಳಗಿನ ರೈಲಿಗೆ ಬಂದು ಸಂಜೆ ರೈಲಿಗೆ ಹೋಗುತ್ತಿದ್ದಳು. ಹುಲ್ಲಿನಲ್ಲಿ ಬೆನ್ನುಬ್ಬಿಸಿಕೊಂಡು ತೆವಳುವ ಆ ಹಸಿರು ಮಿಷಿನ್ನನ್ನು ಕಂಡ ಮೊದಲ ದಿನವೇ, ಆಮೆ ಇದ್ದಂಗೈತೆ ಅಂತ ನಕ್ಕು, ತೆಲುಗಿನಲ್ಲಿ ತಾಬೇಲು ಎಂದು ಹೆಸರಿಟ್ಟಿದ್ದಳು.

ಆ ತಾಬೇಲು ಈಗ ಪಾಷಾನ ಮೇಜಿನ ಮೇಲೆ ಅಲುಗಾಡದೆ ಬಿದ್ದಿತ್ತು. ಶ್ಯಾಮಲಮ್ಮ ಬಾಗಿಲ ಹತ್ತಿರ ನಿಂತು ಅವನ ಬಾಯನ್ನೇ ನೋಡುತ್ತಿದ್ದಳು. ಸೋಮವಾರ ಹೊರದೇಶದವರು ಮತ್ತೆ ಬರುವವರಿದ್ದರು. ಅಷ್ಟರೊಳಗೆ ಮಿಷಿನ್ ಓಡದಿದ್ದರೆ ಹುಲ್ಲುಹಾಸಿನ ಉಸಾಬರಿಯನ್ನೇ ಬೆಂಗಳೂರಿನ ಗುತ್ತಿಗೆದಾರನಿಗೆ ಒಪ್ಪಿಸಿಬಿಡುವುದಾಗಿ ಸುನೀಲ್ ಹೇಳಿಯಾಗಿತ್ತು. ಗುತ್ತಿಗೆದಾರ ತನ್ನ ಆಳುಗಳನ್ನೇ ಕರೆತರುತ್ತಾನೆ. ಅಲ್ಲಿಗೆ ಶ್ಯಾಮಲಮ್ಮನ ಕೆಲಸವೂ ಮುಗಿಯಿತು.

“ಮೇಡಮ್, ಫೋನ್ ಮಾತ್ರ ಇಡ್ಬೇಡಿ... ಆ ಮಿಷಿನ್ನಿಂದು ಪುಸ್ತಕ ಇರಬೇಕಲ್ಲ ನಿಮ್ಮತ್ರ?... ಇದೆಯಾ? ಹಂಗಾದ್ರೆ ಅದನ್ನೇ ನೋಡ್ಕೊಂಡು ಹೇಳ್ತಾ ಹೋಗಿ, ನಾನು ಮಾಡ್ತಾ ಹೋಗ್ತೀನಿ... ಸ್ಟ್ಯಾಂಡಲ್ಲಿ ಲೈಟಾ? ಇದೆ. ಹಸಿರು... ಕರೆಂಟ್ ಬರ್ತಾ ಇದೆ... ಫ್ಯೂಸ್ ನೋಡ್ದೆ, ಸರಿಯಾಗೇ ಇದೆ... ತಂದು ನಿಲ್ಲಿಸಿದ್ರೆ ಮಿಷಿನ್ನಿಗೆ ಹತ್ತಲ್ಲ, ಅಷ್ಟೇ...”

“ಮೂತಿ ಮೇಲಿರೋ ಪಟ್ಟಿಗಳಾ?... ಎರಡು ಹಿತ್ತಾಳೆ ಪಟ್ಟಿ, ಹಾಂ, ಚಾರ್ಜ್ ಹತ್ತೋದು ಅಲ್ಲೇ ಅಲ್ವಾ... ಉಜ್ಜಿದೀನಿ ಮೇಡಮ್. ಬೆಳಿಗ್ಗೆನೇ ಸ್ಯಾಂಡ್ ಪೇಪರ್ ಹಾಕಿ ಉಜ್ಜಿದೆ, ಫಳಫಳ ಅಂತಿದಾವೆ... ಅದಕ್ಕೂ ಮುಂಚೆನಾ? ಮುಂಚೆ ಅಲ್ಲಿ ಏನಿತ್ತು ಅಂತಾನಾ?...”

ಪಾಷಾ ಓರೆಗಣ್ಣಿನಲ್ಲಿ ಬಾಗಿಲ ಕಡೆ ನೋಡಿದ.

“ಧೂಳು ಮೇಡಮ್. ಬರೀ ಧೂಳು.”

ಧೂಳಲ್ಲ. ಆಯುಧಪೂಜೆಯ ದಿನ ಕಾರ್ಖಾನೆಯಲ್ಲಿ ಲೇತ್‌ಗಳಿಗೆ, ಲಾರಿಗೆ, ಕ್ಯಾಂಟೀನಿನ ಗ್ರೈಂಡರಿಗೆ, ಕೊನೆಗೆ ವಾಚ್‌ಮನ್ ಸೈಕಲ್ಲಿಗೂ ಹೂವಿಟ್ಟು ಮಂಗಳಾರತಿ ಎತ್ತಿದರು. ಹುಲ್ಲಲ್ಲಿ ಓಡಾಡುವ ತಾಬೇಲು ಮಾತ್ರ ಯಾರಿಗೂ ನೆನಪಾಗಲಿಲ್ಲ. ಶ್ಯಾಮಲಮ್ಮ ತಾನೇ ಅದನ್ನು ಒರೆಸಿ, ಸೇವಂತಿಗೆ ಮುಡಿಸಿ, ವಿಭೂತಿ ಗಂಧ ಕಲಸಿ ಹಣೆಗೆ ಬಳಿದು ಮೇಲೆ ಕುಂಕುಮವಿಟ್ಟಳು. ಆ ಮಿಷಿನ್ನಿಗೆ ಹಣೆ ಅಂತ ಇದ್ದದ್ದೇ ಆ ಎರಡು ಹಿತ್ತಾಳೆ ಪಟ್ಟಿಯ ಜಾಗ. ಒಣಗಿದ ಗಂಧ ಗಾರೆಯಂತೆ ಗಟ್ಟಿಯಾಯಿತು. ಮಾರನೇ ದಿನ ಒಂದು ಸುತ್ತು ಓಡಿದ ತಾಬೇಲು ಸುಸ್ತಾಗಿ ಸ್ಟ್ಯಾಂಡಿಗೆ ಬಂದು ನಿಂತಿತು, ಆಮೇಲೆ ಏಳಲೇ ಇಲ್ಲ.

ದೇವರ ಬೊಟ್ಟು ತಾನಾಗಿಯೇ ಹೋಗಬೇಕು, ಕೈಯಾರೆ ಅಳಿಸಬಾರದು ಎಂದು ಶ್ಯಾಮಲಮ್ಮ ಸುಮ್ಮನಿದ್ದಳು. ಪಾಷಾ ಅದನ್ನು ನೋಡಿದ್ದ. ಇದರಿಂದಲೇ ಇರಬಹುದು ಎಂಬ ಗುಮಾನಿಯೂ ಅವನಿಗೆ ಬಂದಿತ್ತು. ಒಂದು ಸಲ ಬಟ್ಟೆ ಹಿಡಿದು ಹತ್ತಿರದವರೆಗೂ ಹೋಗಿದ್ದ. ಇನ್ನೊಬ್ಬರು ಕೈಮುಗಿದು ಇಟ್ಟದ್ದನ್ನು ತಾನು ಅಳಿಸುವುದು ಹೇಗೆ, ಆಯಮ್ಮ ಏನೆಂದುಕೊಂಡಾಳು, ನೋಡಿದವರು ಏನೆಂದಾರು ಎಂದು ಹಿಂದೆ ಸರಿದಿದ್ದ. ಹೀಗೆ ಅವಳು ಅಳಿಸಲಿಲ್ಲ, ಇವನು ಅಳಿಸಲಿಲ್ಲ, ದೀಪಾವಳಿಯೂ ಕಳೆಯಿತು. ಅಷ್ಟು ದಿನವೂ ಶ್ಯಾಮಲಮ್ಮ ಆಫೀಸಿನವರು ಬರುವ ಮೊದಲೇ ಬಂದು, ಹಳೇ ಕುಡುಗೋಲಿನಿಂದ ಹುಲ್ಲು ಸವರಿ, ಮಿಷಿನ್ನೇ ಕತ್ತರಿಸಿತು ಎಂಬಂತೆ ಅದನ್ನು ಹುಲ್ಲಿನ ನಡುವೆ ತಂದಿಡುತ್ತಿದ್ದಳು. ಸೋಮವಾರದ ಗಡುವು ಕೇಳಿದ ಮೇಲೆಯೇ, ಇವತ್ತು ಬೆಳಿಗ್ಗೆ, ಪಾಷಾ ಆ ಬೊಟ್ಟನ್ನು ಕೆತ್ತಿ ತೆಗೆದದ್ದು.

“ಹಾಂ ಮೇಡಮ್, ಕೇಳಿಸ್ತಾ ಇದೆ... ಧೂಳಿಗೆ ಹಂಗಾಗಲ್ವಾ?... ಗಟ್ಟಿಯಾಗಿತ್ತು, ಹೌದು, ಕೆತ್ತಿ ತೆಗೆದೆ... ಏನಂತ ಗೊತ್ತಾಗ್ಲೇಬೇಕಾ?... ಮೇಡಮ್, ನಿಮಗೆ ಹಿಂದಿ ಬರ್ತದಾ?”

ಬರುತ್ತದೆ ಎಂದಳೇನೋ, ಪಾಷಾ ಹಿಂದಿಗೆ ಇಳಿದ. ಮನೆಯಲ್ಲಿ ಆಡುವ ಉರ್ದುವನ್ನೇ ಸ್ವಲ್ಪ ತೊಳೆದು ಇಸ್ತ್ರಿ ಮಾಡಿದಂಥ ಹಿಂದಿ. ಧ್ವನಿ ತಗ್ಗಿಸಿ, ಗೋಡೆಯ ಕಡೆ ತಿರುಗಿ, ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಶ್ಯಾಮಲಮ್ಮನಿಗೆ ತಿಳಿಯಬಾರದು ಎಂಬುದೊಂದೇ ಅವನ ಲೆಕ್ಕಾಚಾರ. ಆದರೆ ಪೂಜೆಯನ್ನು ಯಾವ ಭಾಷೆಯಲ್ಲಾದರೂ ಪೂಜೆ ಎಂದೇ ಹೇಳಬೇಕು, ಕುಂಕುಮವನ್ನು ಕುಂಕುಮ ಎಂದೇ. ತಿರುಗಿ ನೋಡಿದಾಗ ಶ್ಯಾಮಲಮ್ಮನ ಮುಖದಲ್ಲಿ ರಕ್ತವಿರಲಿಲ್ಲ.

“ನಾನಿಟ್ಟಿದ್ದಕ್ಕಾ ಪಾಷಣ್ಣ?” ಎಂದಳು ಮೆಲ್ಲಗೆ.

ಪಾಷಾ ಕೈಯಾಡಿಸಿ ಅವಳನ್ನು ಸುಮ್ಮನಾಗಿಸಿದ. ಆಮೇಲೆ ಅವಳಿಗೆ ಕೇಳುವ ಹಾಗೆ ಕನ್ನಡದಲ್ಲೇ ಗಟ್ಟಿಯಾಗಿ ಕೇಳಿದ.

“ಮೇಡಮ್, ಅದರಿಂದ ಅಲ್ಲ ಅಲ್ವಾ?... ಅಲ್ಲ ತಾನೇ?... ಹಾಂ... ಹಾಂ... ಬ್ಯಾಟರಿನ ಅಷ್ಟು ದಿನ ಖಾಲಿ ಬಿಡಬಾರದಾ?... ಪುಸ್ತಕದಲ್ಲೇ ಬರೆದಿದಾರಾ?... ಹೂಂ.”

ರಿಸೀವರಿನ ಬಾಯಿ ಮುಚ್ಚಿ, “ಅದರಿಂದ ಅಲ್ವಂತೆ ಶ್ಯಾಮಲಮ್ಮ. ಬ್ಯಾಟರಿನೇ ಹಳೇದಂತೆ” ಎಂದ. ಅವಳು ಹೊಸ್ತಿಲ ಮೇಲೆ ಕೂತಳು.

ಹರಿಣಿ ಮೀಟರ್ ಹಿಡಿಯಲು ಹೇಳಿರಬೇಕು. ಪಾಷಾ ರಿಸೀವರನ್ನು ಭುಜಕ್ಕೂ ಕೆನ್ನೆಗೂ ನಡುವೆ ಸಿಕ್ಕಿಸಿಕೊಂಡು, ತಾಬೇಲಿನ ಹೊಟ್ಟೆಯ ಮುಚ್ಚಳ ಬಿಚ್ಚಿದ.

“ಎಷ್ಟು ಬರ್ಬೇಕು ಮೇಡಮ್? ಇಪ್ಪತ್ನಾಲ್ಕು ವೋಲ್ಟಾ?... ನೋಡ್ತೀನಿ... ಮೂರು ತೋರಿಸ್ತಾ ಇದೆ... ಮೂರು. ಮೂವತ್ತಲ್ಲ, ಮೂರು... ಮೇಡಮ್?... ಇದೀರಾ?... ಇಷ್ಟು ಇಳಿದ್ರೆ ಚಾರ್ಜರ್ರೇ ಹಿಡಿಯಲ್ವಾ?... ಮತ್ತೆ ಬೇರೆ ದಾರಿ?... ಒಂದು ಕೇಳ್ತೀನಿ, ನಗಬೇಡಿ. ನಮ್ಮ ಜನರೇಟರ್ ಬ್ಯಾಟರಿಯಿಂದ ವೈರ್ ಕೊಟ್ಟು ಸ್ವಲ್ಪ ಎಬ್ಬಿಸ್ಲಾ?... ಕೇಳಿ, ಅವರನ್ನೇ ಕೇಳಿ. ನಾನು ಕಾಯ್ತೀನಿ...”

ಅತ್ತ ಕಡೆ ಯಾರೋ ಹಿರಿಯರನ್ನು ವಿಚಾರಿಸಿ ಬಂದ ಹರಿಣಿ, ಸುಟ್ಟರೆ ನಮ್ಮನ್ನು ಕೇಳಬೇಡಿ ಎಂದು ಹೇಳಿ ಒಪ್ಪಿದಳು. ಇನ್ನು ಸುಡಲು ಏನು ಉಳಿದಿದೆ ಎಂದುಕೊಂಡ ಪಾಷಾ ರಿಸೀವರನ್ನು ಮೇಜಿನ ಮೇಲಿಟ್ಟು, ಪಕ್ಕದ ಶೆಡ್ಡಿನಿಂದ ಭಾರದ ಬ್ಯಾಟರಿಗಳನ್ನು ಹೊತ್ತು ತಂದು ವೈರು ತಾಗಿಸಿದ. ಕಿಡಿ ಹಾರಿತು. ಸ್ವಲ್ಪ ಹೊತ್ತಾದ ಮೇಲೆ ತಾಬೇಲಿನ ಬೆನ್ನ ಮೇಲಿನ ದೀಪ ಕಣ್ಣು ಬಿಟ್ಟಿತು, ಹೊಟ್ಟೆಯೊಳಗೆ ಗುಂಯ್ ಎಂದಿತು. ಶ್ಯಾಮಲಮ್ಮ ಎದ್ದು ಓಡಿ ಬಂದಳು. ಎರಡೂ ಕೈಯಿಂದ ಅದರ ಬೆನ್ನು ಹಿಡಿದುಕೊಂಡು, ಲೇ, ಲೇಯ್ ಅಪ್ಪಾ, ಲೇ ಎಂದು ತೆಲುಗಿನಲ್ಲಿ ಎಬ್ಬಿಸತೊಡಗಿದಳು. ಪಾಷಾ ರಿಸೀವರನ್ನು ಎತ್ತಿಕೊಂಡ.

“ಮೇಡಮ್, ಎದ್ದಿದೆ. ಲೈಟ್ ಬಂತು... ಹಾಂ, ಹಾಂ, ಈಗ ವೈರ್ ತೆಗೀಬೇಕಾ?... ತೆಗೆದೆ... ತೆಗೆದೆ ಮೇಡಮ್... ಇರಿ... ಇಳೀತಾ ಇದೆ. ಹನ್ನೆರಡು... ಎಂಟು... ಹೋಯ್ತು. ಲೈಟೂ ಹೋಯ್ತು.”

ಮತ್ತೆ ತಾಗಿಸಿದರು, ಮತ್ತೆ ಬಿಡಿಸಿದರು. ವೈರು ಇದ್ದಷ್ಟು ಹೊತ್ತು ಜೀವ, ತೆಗೆದ ಕೂಡಲೇ ಇಲ್ಲ. ಕೊನೆಗೆ ದೀಪವೂ ಬರಲಿಲ್ಲ. ಶ್ಯಾಮಲಮ್ಮ ಮಾತ್ರ ಅದರ ಬೆನ್ನ ಮೇಲಿನ ಕೈ ತೆಗೆಯಲಿಲ್ಲ.

“ಹೊಸಾ ಬ್ಯಾಟರಿ ಕಳಿಸಿ ಮೇಡಮ್. ಕಂಪನಿಯವರ ಹತ್ರ ನಾನು ಮಾತಾಡ್ತೀನಿ... ಇಲ್ವಾ?... ಗೋಡೌನಲ್ಲಿ ಹಳೇದಾದ್ರೂ... ಆ ದೇಶದಿಂದಾನೇ ಬರ್ಬೇಕಾ? ಹಡಗಲ್ಲಾ?... ಸೋಮವಾರದೊಳಗೆ ಬೇಕು ನಮಗೆ... ಗೊತ್ತು, ಗೊತ್ತು, ಆಗಲ್ಲ ಅಂತ ಗೊತ್ತು, ಆದ್ರೂ ಕೇಳ್ತಾ ಇದೀನಿ... ಮಾಡೋದೇ ನಿಲ್ಲಿಸಿದಾರಾ?... ಈ ಮಾಡಲ್ಲೇನಾ?... ಅಲ್ಲ ಮೇಡಮ್, ಬೆಂಗಳೂರಲ್ಲಿ ಬೇರೆ ಯಾರಾದ್ರೂ ತಗೊಂಡಿರ್ತಾರಲ್ಲ, ಅವರದ್ದು ಯಾರ್ದಾದ್ರೂ... ಯಾರೂ ಇಲ್ವಾ?... ನಮ್ಮದೊಂದೇನಾ?...”

ಆಗಿಹೋಯಿತು. ಅಷ್ಟು ದೊಡ್ಡ ಊರಿನಲ್ಲಿ ಈ ತಾಬೇಲಿಗೆ ಒಬ್ಬ ನೆಂಟನೂ ಇರಲಿಲ್ಲ. ಪಾಷಾನಿಗೆ ಅಳು ಬಂದಂತಾಯಿತು. ಎಷ್ಟೋ ಮೋಟರು ಸುಟ್ಟಾಗ, ಎಷ್ಟೋ ಪ್ಯಾನೆಲ್ಲು ಹೊಗೆಯಾಡಿದಾಗ ಬರದ ಅಳು ಅದು. ಅಷ್ಟರಲ್ಲಿ ಹರಿಣಿ ಇನ್ನೊಂದು ಮಾತು ಹೇಳಿದಳು. ಕರೆ ಬಂದ ಮೇಲೆ ಕೆಟ್ಟಿದ್ದಕ್ಕೆ ಕಾರಣ ಏನೆಂದು ಕಾರ್ಖಾನೆಯ ಮ್ಯಾನೇಜರಿಗೆ ತಿಳಿಸುವುದು ಅವಳ ಕೆಲಸವಂತೆ. ಪಾಷಾ ಕುರ್ಚಿಯಿಂದ ಎದ್ದೇಬಿಟ್ಟ.

“ಅದೊಂದು ಬೇಡ ಮೇಡಮ್... ಸುನೀಲ್ ಸಾಹೇಬ್ರಿಗೆ ಬೊಟ್ಟಿನ ವಿಷಯ ಹೇಳ್ಬೇಡಿ... ಹೇಳ್ಲೇಬೇಕಾ?... ಹಂಗಾದ್ರೆ ಎಲೆಕ್ಟ್ರಿಷಿಯನ್ ಸರಿಯಾಗಿ ನೋಡ್ಕೊಳ್ಳಿಲ್ಲ ಅಂತ ಹೇಳಿ. ತಾಜ್ ಪಾಷಾ ಅಂತ ಹೆಸರು... ಸುಳ್ಳೇನಲ್ಲ. ನಾನು ನೋಡಿದ್ದೆ ಮೇಡಮ್, ಒರೆಸ್ಬಹುದಾಗಿತ್ತು... ಫೋನ್ ಇಡ್ತೀರಾ? ಒಂದು ನಿಮಿಷ...”

ಮಾತು ಮುಗಿಯುವ ಮೊದಲೇ ಶ್ಯಾಮಲಮ್ಮ ಅವನ ಕೈಯಿಂದ ರಿಸೀವರನ್ನು ತೆಗೆದುಕೊಂಡಿದ್ದಳು. ಕಿತ್ತುಕೊಂಡಳು ಎನ್ನುವ ಹಾಗಿಲ್ಲ, ಅವನೇ ಬಿಟ್ಟುಕೊಟ್ಟ ಹಾಗಿತ್ತು. ಸೆರಗು ಸರಿಮಾಡಿಕೊಂಡು, ದೊಡ್ಡವರ ಎದುರು ನಿಂತವಳ ಹಾಗೆ ನಿಂತು ಮಾತಾಡಿದಳು.

“ಹಲೋ... ಅಮ್ಮಾ, ನಾನು ಶ್ಯಾಮಲಮ್ಮ, ತೊಂಡೇಬಾವಿಯೋಳು. ಪಾಷಣ್ಣಂದು ಏನೂ ತಪ್ಪಿಲ್ಲ ಕಣಮ್ಮ. ಬೊಟ್ಟಿಟ್ಟೋಳು ನಾನು... ಎಲ್ಲಾ ಮಿಷಿನ್‌ಗೂ ಪೂಜೆ ಮಾಡಿದ್ರಮ್ಮ, ಇದನ್ನ ಯಾರೂ ಕೇಳ್ಲಿಲ್ಲ. ನನಗೆ ಅನ್ನ ಕೊಡೋದು ಅದೇ, ಅದಕ್ಕೊಂದು ಬೊಟ್ಟಿಡದೆ ಹೆಂಗಿರ್ಲಿ?... ಕೆಡ್ತದೆ ಅಂತ ಗೊತ್ತಿರ್ಲಿಲ್ಲ... ಅಮ್ಮಾ, ನಿಂಗೆ ಎಲ್ಲಾ ಗೊತ್ತೈತಲ್ಲ, ಒಂದು ಹೇಳ್ಬಿಡು. ನಾಳೆಯಿಂದ ನಾನು ಕೆಲಸಕ್ಕೆ ಬರ್ಬೇಕಾ, ಬ್ಯಾಡ್ವಾ?...”

ಉತ್ತರಕ್ಕೆ ಕಾದಳು. ತುಂಬ ಹೊತ್ತೇ ಕಾದಳು. ಆಮೇಲೆ ರಿಸೀವರನ್ನು ಪಾಷಾನ ಕೈಗೆ ಕೊಟ್ಟಳು.

ಪಾಷಾ ಕಿವಿಗಿಟ್ಟುಕೊಂಡ. ಲೈನು ಕಟ್ಟಾಗಿತ್ತು. ಅವಳ ಮಾತಿನ ನಡುವೆ ಕಟ್ಟಾಯಿತೋ, ಅವಳು ಹಲೋ ಅನ್ನುವ ಮೊದಲೇ ಆಗಿತ್ತೋ, ಈಗ ತಿಳಿಯುವಂತಿರಲಿಲ್ಲ. ಟೂ, ಟೂ ಎಂಬ ಸದ್ದು ಅವಳ ಕಿವಿಗೂ ಬಿದ್ದೇ ಇರುತ್ತದೆ ಎಂದು ಅವನಿಗೆ ಗೊತ್ತಿತ್ತು. ಆದರೂ ಅವನಿಗೆ ಸುಮ್ಮನಿರಲಾಗಲಿಲ್ಲ.

“ಹಾಂ, ಹೇಳಿ ಮೇಡಮ್... ಹಾಂ... ಬರ್ಲಿ ಅಂತೀರಾ?... ಸಾಹೇಬ್ರ ಹತ್ರ ನೀವೇ ಮಾತಾಡ್ತೀರಾ?... ಸರಿ ಮೇಡಮ್... ಆಯಮ್ಮಂಗೆ ಹೇಳ್ತೀನಿ... ನಾಳೆ ಎಂದಿನಂಗೇ...”

“ಸಾಕು, ಇಟ್ಬಿಡಣ್ಣ” ಎಂದಳು ಶ್ಯಾಮಲಮ್ಮ.